ಮುತ್ತಿನಗಡದ ರಿವಾಜು

ಸತ್ತ ಕುದುರೆ ಹುರುಳಿ ತಿಂದರೆ ನಾವು ಸುಮ್ಮನೆ ಕೇಳುವವರಲ್ಲ. ಹೊಳೆಯಲ್ಲಿ ಮುಳುಗಿ ಸತ್ತಿದ್ದ ರಾಜನ ಬಿಳಿ ಕುದುರೆ, ಧಾರಾವಾಹಿಯ ನಾಲ್ಕು ಕಂತು ಕಳೆದ ಮೇಲೆ ಲಾಯದಲ್ಲಿ ನಿಂತು ಆರಾಮಾಗಿ ಮೇಯುತ್ತಿತ್ತು. ಓದುತ್ತಿದ್ದ ನಾನು ಅಲ್ಲಿಗೇ ನಿಲ್ಲಿಸಿದೆ. ಆ ಕುದುರೆಗಾಗಿ ನಮ್ಮ ಓಣಿಯ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದರು. ಕೊಂದವರಿಗೆ ಮರೆಯಬಹುದು, ಅತ್ತವರಿಗೆ ಹೇಗೆ ಮರೆಯುತ್ತದೆ?

ಇದು ಎಂಬತ್ತೆಂಟರ ಮಾತು. ಗಂಡಂದಿರು ಗಣಿಯ ಲಾರಿಗಳ ಮೇಲೆ ದುಡಿಯುತ್ತಿದ್ದರು. ಅವರ ಹಿಂದೆ ವಿಜಾಪುರದ ಕಡೆಯಿಂದ ಉಸಗಾಂವಕ್ಕೆ ಬಂದವರು ನಾವು. ಓಣಿಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ, ಏಳನೇ ಇಯತ್ತೆ ಕಲಿತ ಸಕೀನಾ. ರವಿವಾರ ಮಧ್ಯಾಹ್ನ ನೆರೆಮನೆಯ ಮೌಲಾಬಿ ಖಾಲಾನ ಕಟ್ಟೆಯ ಮೇಲೆ ಕೂತು ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದೆ. ಉಳಿದವರು ಜೋಳ ಹಸನು ಮಾಡುತ್ತ ಕೇಳುತ್ತಿದ್ದರು. ಕತೆ ಮುತ್ತಿನಗಡ ಎಂಬ, ಎಲ್ಲೂ ಇಲ್ಲದ ರಾಜ್ಯದ್ದು. ಬರೆಯುತ್ತಿದ್ದವರು ಮಾತ್ರ ಹತ್ತಿರದಲ್ಲೇ ಇದ್ದರು: ಫೋಂಡಾದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಧಾರವಾಡದ ಸೋಮಲಿಂಗಪ್ಪ ಸಾವಕಾರರು.

ಓದಿ ಮುಗಿದ ಸಂಚಿಕೆಯನ್ನು ಮೌಲಾಬಿ ಪಣಜಿಗೆ ಹೋಗುವವರ ಕೈಯಲ್ಲಿ ಮಗಳು ಲಾಲಬಿಗೆ ಕಳಿಸುತ್ತಿದ್ದಳು. ಮದುವೆಗೆ ಮೊದಲು ಲಾಲಬಿ ನನ್ನ ಹತ್ತಿರವೇ ಓದಲು ಕಲಿತವಳು.

ಸಾವಕಾರರು ಹುಟ್ಟಿಸಿದ ರಿವಾಜುಗಳಿಗೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮುತ್ತಿನಗಡದ ಬಾಣಂತಿ ಹೆತ್ತ ಮರುದಿನ ಗುಡ್ಡ ಹತ್ತಿ ದೀಪ ಹಚ್ಚಬೇಕಂತೆ. "ಈ ಮನಷ್ಯಾ ಬಾಣಂತಿನ್ನ ಎಂದರೆ ನೋಡ್ಯಾನೋ ಇಲ್ಲೋ" ಎಂದು ಮೌಲಾಬಿ ಮೊರ ಕೆಳಗಿಟ್ಟು ನಕ್ಕಿದ್ದಳು. ಆದರೆ ಒಂದು ರಿವಾಜಿಗೆ ಯಾರೂ ನಗಲಿಲ್ಲ. ಗಂಡನ ಮನೆಯಲ್ಲಿ ಬಾಳಲಾಗದ ಹೆಣ್ಣು ರೊಟ್ಟಿ ಬುಟ್ಟಿಯನ್ನು ಬಾಗಿಲಿಗೆ ಬೋರಲಾಗಿ ತೂಗುಹಾಕುತ್ತಾಳೆ. ತವರಿನವರು ಅದನ್ನು ಕಂಡರೆ, ಏನಾಯಿತು ಎಂದು ಒಂದು ಮಾತೂ ಕೇಳದೆ ಅವಳನ್ನು ಕರೆದುಕೊಂಡು ಹೋಗಬೇಕು. ಅದನ್ನು ಓದಿದ ದಿನ ಮೌಲಾಬಿ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದಳು.

"ಇಂಥಾದ್ದು ನಮ್ಮಲ್ಲೂ ಇರಬೇಕಾಗಿತ್ತು ನೋಡ" ಎಂದಿದ್ದಳು ಮೌಲಾಬಿ.

ಕೆಲವು ತಿಂಗಳಾದ ಮೇಲೆ ರಾಜಕುಮಾರಿ ಮಾಣಿಕಾವತಿಗೇ ಆ ಗತಿ ಬಂತು. ಅವಳು ಬುಟ್ಟಿ ತೂಗುಹಾಕಿದಳು. ಅಣ್ಣ ಬಂದ, ಹೋಳಿಗೆ ಉಂಡ, ತಂಗಿಯ ತಲೆ ಸವರಿ ಹೊರಟುಹೋದ. ಬುಟ್ಟಿಯ ಮಾತೇ ಇಲ್ಲ! ಕುದುರೆಯನ್ನಾದರೂ ನಾವು ಕೊನೆಗೆ ಹೊಟ್ಟೆಗೆ ಹಾಕಿಕೊಂಡಿದ್ದೆವು, ಇದನ್ನು ಆಗಲಿಲ್ಲ. ಮರುದಿನ ಮುಂಜಾನೆಯೇ ಮೌಲಾಬಿ ನನ್ನನ್ನು ಎಳೆದುಕೊಂಡು ಫೋಂಡಾದ ಬಸ್ಸು ಹತ್ತಿದಳು.

ಕುದುರೆಯ ಸಲುವಾಗಿ ಒಮ್ಮೆ ಹೋಗಿದ್ದರಿಂದ ಸಾವಕಾರರಿಗೆ ನಮ್ಮ ಗುರುತಿತ್ತು. "ಬರ್ರೆವ್ವಾ, ಬರ್ರಿ. ಸೀರಿ ತಗೊಳ್ಳಾಕಂತೂ ನೀವು ಬಂದಿಲ್ಲ, ಇವತ್ತ ಯಾವ ತಪ್ಪ ಹಿಡಕೊಂಡು ಬಂದೀರಿ?" ಎಂದು ಚಹಾ ತರಿಸಿದರು. ತಪ್ಪು ತೋರಿಸಿದರೆ ಸಿಟ್ಟಾಗುವ ಮನುಷ್ಯನಲ್ಲ. ಯಾರೋ ಅಷ್ಟು ಲಕ್ಷ್ಯ ಕೊಟ್ಟು ಓದುತ್ತಾರಲ್ಲ ಎಂಬ ಖುಷಿಯೇ ಹೆಚ್ಚು.

"ಸಾವಕಾರ್ರ, ಆ ಅಣ್ಣಗ ಕಣ್ಣ ಇಲ್ಲೇನ್ರಿ? ಬಾಗಿಲದಾಗ ಬುಟ್ಟಿ ತೂಗಾಕತ್ತೈತಿ. ಅದರ ಬುಡಕ ಹಾದು ಒಳಗ ಹೋಗಿ ಹೋಳಿಗಿ ತಿಂದು ಬಂದನಲ್ಲ" ಎಂದಳು ಮೌಲಾಬಿ.

ಬರೆದವರಿಗೆ ತಮ್ಮ ರಿವಾಜೇ ಮರೆತಿತ್ತು, ಮುಖವೇ ಹೇಳುತ್ತಿತ್ತು. ಆದರೂ ವ್ಯಾಪಾರಸ್ಥರು, ಹರಿದಲ್ಲಿ ತೇಪೆ ಹಾಕುವುದು ಗೊತ್ತಿತ್ತು. "ಕಂಡಾನ್ರೀ ಯವ್ವಾ. ತೊಳದು ಒಣಗಾಕ ಹಾಕ್ಯಾರ ಅಂತ ತಿಳಕೊಂಡಾನ. ಮಂದಿ ಹಂಗ ತಿಳಕೋತಾರಲ್ರಿ."

ನನಗೆ ನಗು ಬಂತು. ಮೌಲಾಬಿ ನಗಲಿಲ್ಲ. ಚಹಾದ ಬಸಿಯನ್ನು ತುಟಿಯ ತನಕ ಒಯ್ದವಳು ಹಾಗೆಯೇ ಕೆಳಗಿಟ್ಟಳು.

"ನಾನೂ ಹಂಗ ತಿಳಕೊಂಡ್ನಿ" ಎಂದಳು.

ಏನೆಂದು ನಾನು ಕೇಳಿದೆ. "ಹೋದ ತಿಂಗಳ ಲಾಲಬಿ ಮನಿಗಿ ಹೋಗಿದ್ನೆಲ್ಲ. ಬಾಗಿಲದಾಗ ಬುಟ್ಟಿ ಬೋರಲ ತೂಗಿತ್ತು ಸಕೀನಾ. ತೊಳದು ಹಾಕ್ಯಾಳ ಅಂತ ನಾನ ಇಳಿಸಿದ್ನಿ. ಒಯ್ದಿದ್ದ ಕಟಕ ರೊಟ್ಟಿ ಅದರಾಗ ತುಂಬಿ, ಅಕಿ ಕೈಯಾಗ ಕೊಟ್ಟು ಬಂದ್ನಿ. ಅಕಿ ನನ್ನ ಮಾರಿನ ನೋಡಾಕತ್ತಿದ್ಲು."

ಸಾವಕಾರರು ಹೆದರಿಬಿಟ್ಟರು. "ಯವ್ವಾ, ಅದು ನಾ ಹುಟ್ಟಿಸಿದ ರಿವಾಜು. ಯಾವ ದೇಶದಾಗೂ ಇಲ್ಲ. ನಿಮ್ಮ ಮಗಳು ಖರೇನ ಒಣಗಾಕ ಹಾಕಿರಬೇಕು."

"ಇರಬಹುದ್ರಿ. ಹಂಗಿದ್ರ ಸುಮ್ಮನ ಹೋಗಿ ಬಂದಂಗ ಆಗತೈತಿ" ಎಂದು ಮೌಲಾಬಿ ಎದ್ದಳು. "ಹಂಗಿರದಿದ್ರ?"

ನಾವು ಅಲ್ಲಿಂದಲೇ ಪಣಜಿಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ, ಇದು ನಮ್ಮ ಹುಚ್ಚುತನವೇ ಆಗಿರಲಿ, ಅಲ್ಲಿ ಎಲ್ಲರೂ ನಮ್ಮನ್ನು ನೋಡಿ ನಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

ಲಾಲಬಿಯ ಬಾಗಿಲಲ್ಲಿ ಬುಟ್ಟಿ ಇರಲಿಲ್ಲ. ಬರೀ ಮೊಳೆ ಇತ್ತು. ಅಳಿಯ ಜಹಾಂಗೀರ ಟ್ಯಾಕ್ಸಿ ಓಡಿಸಲು ಹೋಗಿದ್ದ. ಅತ್ತೆ ಚಮನಬಿ ಹೊಸ್ತಿಲಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು. ತಾಯಿಯ ದನಿ ಕೇಳಿ ಲಾಲಬಿ ಒಳಗಿನಿಂದ ಬಂದು ನಿಂತಳು. ಮೌಲಾಬಿ ಕೂಡಲಿಲ್ಲ, ನೀರೂ ಮುಟ್ಟಲಿಲ್ಲ.

"ಅರಿವಿ ತಗೋ, ನಡಿ" ಎಂದಳು.

ಲಾಲಬಿ ಒಳಗೆ ಹೋಗಿ ಗಂಟು ಹಿಡಿದು ಬಂದಳು. ಎಷ್ಟು ಬೇಗ ಬಂದಳೆಂದರೆ, ಅದು ಎಂದೋ ಕಟ್ಟಿಟ್ಟ ಗಂಟೇ ಸರಿ.

"ಏನಾತು? ಇಕಿ ಏನ ಹೇಳಿ ಕಳಿಸ್ಯಾಳ ನಿನಗ?" ಎಂದು ಚಮನಬಿ ಎದ್ದು ನಿಂತಳು.

"ಏನೂ ಹೇಳಿಲ್ಲ. ನಾನೂ ಕೇಳಿಲ್ಲ. ನಮ್ಮ ಮನಿತನದಾಗ ಕೇಳೂ ಪದ್ಧತಿ ಇಲ್ಲ."

"ಇದ್ಯಾವ ಪದ್ಧತಿ? ನಾವೂ ವಿಜಾಪುರದವರ. ನಾ ಎಂದೂ ಕೇಳಿಲ್ಲ."

"ಈಗ ಕೇಳಿದೆಲ್ಲ. ಜಹಾಂಗೀರಗ ಮಾತಾಡೂದಿದ್ರ ಉಸಗಾಂವಕ್ಕ ಬಾ ಅನ್ನು."

ಬೆಳಿಗ್ಗೆ ಅಂಗಡಿಯಲ್ಲಿ ಸುಳ್ಳೆಂದು ತಿಳಿದ ಮಾತನ್ನು, ಮಧ್ಯಾಹ್ನ ಅಷ್ಟು ಗಟ್ಟಿಯಾಗಿ ಹೇಳುವ ಎದೆಗಾರಿಕೆ ನನಗಂತೂ ಇಲ್ಲ. ನಾವು ನಡೆದೆವು.

ಬಸ್ಸಿನಲ್ಲಿ ಲಾಲಬಿ ಕಿಟಕಿಯ ಕಡೆ, ಮೌಲಾಬಿ ನಡುವೆ, ನಾನು ಅಂಚಿಗೆ. ಅಂಥ ಸೆಕೆಯಲ್ಲೂ ಲಾಲಬಿ ಕುಪ್ಪಸದ ತೋಳನ್ನು ಮಣಿಕಟ್ಟಿನ ತನಕ ಎಳೆದುಕೊಂಡಿದ್ದಳು. ಮೌಲಾಬಿ ಅದನ್ನು ನೋಡಿದಳು, ನೋಡಿ ಜೋಳದ ಮಾತು ತೆಗೆದಳು. ಆಮೇಲೆ ಕೋಳಿಯ ಮಾತು. ಆಮೇಲೆ ಓಣಿಯ ನಳದಲ್ಲಿ ನೀರು ಬರುವ ಮಾತು. ರಿವಾಜು ಎಂದರೆ ರಿವಾಜು, ಕೇಳಬಾರದು. ತುಟಿ ಕಚ್ಚಿ ಕಚ್ಚಿ ಮೌಲಾಬಿಯ ಬಾಯಿ ಕೆಂಪಾಗಿತ್ತು.

ಬಾಣಸ್ತರಿಯ ಸೇತುವೆ ದಾಟಿದ ಮೇಲೆ ಲಾಲಬಿ ಬಾಯಿ ಬಿಟ್ಟಳು. "ಅವ್ವಾ, ನೀ ಏನೂ ಕೇಳವಲ್ಲಿ."

"ಕೇಳಬಾರದಲ್ಲವ್ವ. ಕತಿಯೊಳಗ ಹಂಗ ಐತಿ."

ಲಾಲಬಿ ಕಿಟಕಿಯಿಂದ ಮುಖ ತಿರುಗಿಸಿದಳು. "ಕತಿ ಬರದಾವ ಗಂಡಸು. ಕೇಳಬಾರದು ಅಂತ ಅವಂಗ ಯಾರ ಹೇಳಿದ್ರು? ಮದುವಿ ಆದಾಗಿಂದ ನನ್ನ ಯಾರೂ ಏನೂ ಕೇಳಿಲ್ಲ. ನೀ ಬಂದಾಗೆಲ್ಲ ರೊಟ್ಟಿ ಕೊಟ್ಟು ಹೋಗತಿದ್ದಿ. ಕೇಳಲಿ ಅಂತನ ಬುಟ್ಟಿ ಹಾಕಿದ್ನೆವ್ವಾ ನಾ. ಈಗರೆ ಕೇಳ."

ಮೌಲಾಬಿ ಮಗಳ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. "ಏನಾತವ್ವ?" ಎಂದು ಕೇಳಿದಳು.

ಲಾಲಬಿ ಹೇಳತೊಡಗಿದಳು. ಫೋಂಡಾದಲ್ಲಿ ಇಳಿದಾಗಲೂ ಮಾತು ಮುಗಿದಿರಲಿಲ್ಲ. ಮೂವರೂ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಉಸಗಾಂವದ ಬಸ್ಸು ಬಂದು ನಿಂತಿತು, ಕಂಡಕ್ಟರ್ ನಮ್ಮ ಕಡೆ ನೋಡಿ ಕೂಗಿದ. ಮೌಲಾಬಿ ಮಗಳ ಮುಖದಿಂದ ಕಣ್ಣು ತೆಗೆಯದೆ, ನೀನು ಹೋಗು ಎಂದು ಅವನಿಗೆ ಕೈ ಮಾಡಿದಳು.