ಒಂದು ಸೀಟಿ, ಎರಡು ಸೀಟಿ

ಅಪ್ಪ ಈ ಸಲವೂ ಸೀಟಿ ಊದುವುದನ್ನು ಮರೆತಿದ್ದ.

ಎರಡು ಸೀಟಿ ಊದಿದರೆ ಬಿರುಸಿನ ಓಟ, ಒಂದು ಊದಿದರೆ ನಿಧಾನ. ಒಪ್ಪಂದ ಇಷ್ಟೇ. ಎರಡು ಸೀಟಿ ಕೇಳಿ ಹೊರಟ ಪುಟ್ಟಿ ಔಷಧಿ ಅಂಗಡಿ ದಾಟಿದಳು, ಮುಚ್ಚಿದ ಚಿತ್ರಮಂದಿರ ದಾಟಿದಳು, ಸೇತುವೆಯ ಏರನ್ನೂ ಹತ್ತಿದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಆ ಇನ್ನೊಂದು ಸೀಟಿ ಮಾತ್ರ ಬರಲೊಲ್ಲದು. ಕೊನೆಗೆ ಸೇತುವೆಯ ಕಂಬಿ ಹಿಡಿದು ತಿರುಗಿ ನೋಡಿದರೆ, ಅಪ್ಪ ಅಲ್ಲೆಲ್ಲೋ ದೂರದಲ್ಲಿ ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ, ಹಾಲಿನ ವ್ಯಾನಿನ ಡ್ರೈವರನ ಜೊತೆ ಲೋಕಾಭಿರಾಮ ಮಾತಾಡುತ್ತಿದ್ದ.

ಅವನು ನಿಧಾನವಾಗಿ ಪೆಡಲ್ ತುಳಿಯುತ್ತ ಬಂದಾಗ ಪುಟ್ಟಿಗೆ ಮಾತಾಡಲು ಉಸಿರಿರಲಿಲ್ಲ. ಇದ್ದಿದ್ದರೆ ಅವತ್ತೇ ದೊಡ್ಡ ರಾಮಾಯಣ ಆಗುತ್ತಿತ್ತು.

"ಅಪ್ಪಾ, ಸೀಟಿ ಎಲ್ಲಿ?"

"ಕುತ್ತಿಗೇಲೇ ಇದೆಯಲ್ಲೇ."

"ಕುತ್ತಿಗೇಲಿದ್ರೆ ಏನ್ ಬಂತು, ಬಾಯಲ್ಲಿರಬೇಕು!"

"ಅವನು ನನ್ನ ಹಳೇ ಪ್ಯಾಸೆಂಜರು ಕಣೆ. ಮಗಳ ಮದುವೆ ಅಂತೆ. ಮಾತಾಡಿಸ್ದೆ ಹೆಂಗೆ ಬರೋದು?"

ಬೆಂಕಿ ಹೊತ್ತಿದ ಕಟ್ಟಡದೊಳಗೆ ನೀರಿನ ಪೈಪು ಹಿಡಿದು ಎಲ್ಲರಿಗಿಂತ ಮುಂದೆ ನುಗ್ಗುವ ಹೆಂಗಸಿಗೆ, ಎರಡು ಮಕ್ಕಳ ತಾಯಿಗೆ, ಪುಟ್ಟಿ ಎಂದರೆ ಯಾರಾದರೂ ನಕ್ಕಾರು. ಆದರೆ ಅಪ್ಪನಿಗೆ ಅವಳು ಪುಟ್ಟಿಯೇ. ಹೀಗಾಗಿ ಮನೆಯವರಿಗೆಲ್ಲ ಪುಟ್ಟಿ, ಅಗ್ನಿಶಾಮಕ ಠಾಣೆಯಲ್ಲೂ ಪುಟ್ಟಿ. ಅವಳ ಗಂಡ ಕೂಡ ಸಿಟ್ಟು ಬಂದಾಗ ಮಾತ್ರ ಬೇರೆ ಹೆಸರು ಹಿಡಿದು ಕೂಗುತ್ತಿದ್ದ.

ಆ ಠಾಣೆಯಲ್ಲಿ ವರ್ಷಕ್ಕೊಮ್ಮೆ ಓಟದ ಪರೀಕ್ಷೆ. ಮೈದಾನಕ್ಕೆ ಆರು ಸುತ್ತು, ಹನ್ನೆರಡು ನಿಮಿಷದೊಳಗೆ. ಹೋದ ವರ್ಷ ಅವಳು ಮುಗ್ಗರಿಸಿದ್ದಳು. ಈ ಸಲವೂ ತಪ್ಪಿದರೆ ಕಂಟ್ರೋಲ್ ರೂಮಿನ ಫೋನಿನ ಮುಂದೆ ಕೂರಬೇಕು. ಬೆಂಕಿ ಎಲ್ಲಿ, ಮನೆ ಗುರುತೇನು ಎಂದು ಕೇಳಿ ಬರೆದುಕೊಂಡು, ಕೆಂಪು ಗಾಡಿ ತನ್ನನ್ನು ಬಿಟ್ಟು ಗೇಟು ದಾಟುವುದನ್ನು ಕಿಟಕಿಯಿಂದ ನೋಡಬೇಕು. ಆ ಕೆಲಸವೇನೂ ಕೀಳಲ್ಲ. ಸಂಬಳವೂ ಅಷ್ಟೇ, ಮೈಗೂ ಸುಖ. ಆದರೆ ಅದು ಅವಳಿಗೆ ಒಗ್ಗುವಂಥದ್ದಲ್ಲ. ಗಾಡಿಯ ಹಿಂದಿನ ಸೀಟಿನಲ್ಲಿ ಬೂಟಿನ ದಾರ ಬಿಗಿಯುತ್ತ ಹೋಗುವ ಆ ನಾಲ್ಕು ನಿಮಿಷವೇ ಅವಳಿಗೆ ಬದುಕು.

ಓಟದ ಉಪಾಯ ಹೇಳಿಕೊಟ್ಟವನು ಠಾಣೆಯ ಉದ್ದಣ್ಣ. ಏಣಿಯಿಲ್ಲದೆ ಸೂರು ಮುಟ್ಟುವ ಆಸಾಮಿ.

"ಅಕ್ಕ, ನೀವು ಓಡೋದು ಯಾವಾಗ್ಲೂ ಒಂದೇ ವೇಗ. ಬೆಂಕಿ ಬಿದ್ರೂ ಅದೇ, ಬೀಗರು ಬಂದ್ರೂ ಅದೇ. ಮೈಗೆ ಅದೇ ರೂಢಿ ಆಗಿಬಿಟ್ಟಿದೆ. ಸ್ವಲ್ಪ ದೂರ ಜೋರಾಗಿ ಓಡಿ, ಆಮೇಲೆ ಉಸಿರು ಹತೋಟಿಗೆ ಬರೋ ತನಕ ನಿಧಾನ, ಮತ್ತೆ ಜೋರು. ನಿಲ್ಲೋ ಹಾಗಿಲ್ಲ. ಜೋರು ಎಷ್ಟು ದೂರ, ನಿಧಾನ ಎಷ್ಟು ದೂರ ಅಂತ ನಿಮಗೇ ಮೊದ್ಲೇ ಗೊತ್ತಿರಬಾರ್ದು."

ಒಬ್ಬಳೇ ಓಡಿದಾಗ ಅವಳು ತನಗೆ ತಾನೇ ಮೋಸ ಮಾಡಿಕೊಂಡಳು. ಆ ದೂರದ ದೀಪದ ಕಂಬದವರೆಗೆ ಎಂದು ಹೊರಟವಳು ಈಚೆಗಿನ ಕಂಬಕ್ಕೇ ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಬೇರೆ ಯಾರಾದರೂ ಹೇಳುವವರು ಬೇಕಾಯಿತು. ಗಂಡನಿಗೆ ಬೆಳಗಿನ ಪಾಳಿ. ಉಳಿದವನು ಅಪ್ಪ.

ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್. ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಆಮೇಲೆ ಡ್ರೈವರೇ ಬಾಗಿಲು ತೆಗೆದು ಮುಚ್ಚುವ, ಯಂತ್ರವೇ ಟಿಕೆಟ್ಟು ಕೊಡುವ ಬಸ್ಸುಗಳು ಬಂದವು. ಕಂಡಕ್ಟರುಗಳನ್ನೆಲ್ಲ ಹಾರ ಹಾಕಿ ಮನೆಗೆ ಕಳಿಸಿದರು. ಹಾರ ಒಣಗಿತು, ಸೀಟಿ ಉಳಿಯಿತು. ಪುಟ್ಟಿ ಬಾಯಿಬಿಟ್ಟು ಕೇಳಿದ ದಿನ ಅವನು ಅದನ್ನು ಬಿಸಿನೀರಿನಲ್ಲಿ ತೊಳೆದು, ಹೊಸ ದಾರ ಪೋಣಿಸಿ, ಕನ್ನಡಿಯ ಮುಂದೆ ನಿಂತು ಕೊರಳಿಗೆ ಹಾಕಿಕೊಂಡಿದ್ದ. ನಿಂತೇ ದುಡಿದ ಮಂಡಿಗಳು ನಡಿಗೆಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಸೈಕಲ್ಲಿಗೂ ಎಣ್ಣೆ ಬಿತ್ತು.

ಮೊದಮೊದಲು ಅವಳಿಗೂ ಖುಷಿಯೇ. ಎರಡೇ ವಾರದಲ್ಲಿ ತಲೆ ಚಿಟ್ಟು ಹಿಡಿಯಿತು. ಅಪ್ಪ ಅವಳನ್ನು ಓಡಿಸುತ್ತಿದ್ದುದು ತನ್ನ ಹಳೆಯ ಬಸ್ಸಿನ ದಾರಿಯಲ್ಲಿ. ಎಲ್ಲೆಲ್ಲಿ ನಿಲ್ದಾಣವಿತ್ತೋ ಅಲ್ಲಲ್ಲಿ ಒಂದು ಸೀಟಿ. ಆಸ್ಪತ್ರೆಯ ಮುಂದೆ ನಿಧಾನ, ಶಾಲೆಯ ಮುಂದೆ ನಿಧಾನ. ಮರದ ಅಡ್ಡೆಯ ಹತ್ತಿರ ಈಗ ನರಪಿಳ್ಳೆಯೂ ಇಳಿಯುವುದಿಲ್ಲ, ಆದರೂ ನಿಧಾನ.

"ಇಲ್ಲಿ ಯಾಕೆ ಊದಿದೆ? ನನಗಿನ್ನೂ ದಮ್ಮಿತ್ತು!"

"ಇಲ್ಲಿ ಒಬ್ಬಳು ಅಜ್ಜಿ ಇಳೀತಿದ್ಲು."

"ಈಗೆಲ್ಲಿದಾಳೆ ಆ ಅಜ್ಜಿ?"

"ಈಗಿಲ್ಲ, ಪಾಪ," ಎಂದು ಅವನು ಮುಖ ಸಪ್ಪಗೆ ಮಾಡಿಕೊಂಡ. ಸತ್ತ ಅಜ್ಜಿಯ ಲೆಕ್ಕದಲ್ಲಿ ತನ್ನ ಓಟ ಹಾಳಾಯಿತಲ್ಲ ಎಂದು ಪುಟ್ಟಿ ಹಲ್ಲು ಕಡಿದಳು.

ಇನ್ನೊಂದು ದಿನ ಚೀಲ ಹಿಡಿದ ಹೆಂಗಸೊಬ್ಬಳು ನಿಜವಾದ ಬಸ್ಸು ಹಿಡಿಯಲು ರಸ್ತೆಯಲ್ಲಿ ಓಡೋಡಿ ಬರುತ್ತಿದ್ದಳು. ಅಪ್ಪ ತಡಮಾಡದೆ ಒಂದು ಸೀಟಿ ಊದಿಬಿಟ್ಟ. ಬಸ್ಸು ತನ್ನ ಪಾಡಿಗೆ ಹೋಯಿತು, ನಿಧಾನವಾದವಳು ಪುಟ್ಟಿ. ಓಡಿ ಬರುವವರನ್ನು ಬಿಟ್ಟು ಹೋಗುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೆಲಸದಲ್ಲಿದ್ದಾಗಲೂ ಹೀಗೆ ಬಸ್ಸು ನಿಲ್ಲಿಸಿ ನಿಲ್ಲಿಸಿ, ತಡವಾಯಿತೆಂದು ಡಿಪೋದಲ್ಲಿ ಮೇಲಿಂದ ಮೇಲೆ ಉಗಿಸಿಕೊಂಡಿದ್ದ. ಅದನ್ನು ಬಹುಮಾನ ಸಿಕ್ಕವನ ಹಾಗೆ ಹೇಳಿಕೊಳ್ಳುತ್ತಿದ್ದ.

ಇಷ್ಟೆಲ್ಲ ಆಗಿಯೂ ಸಮಯವಾದರೂ ಇಳಿಯಬೇಕಲ್ಲ? ಮೈದಾನದಲ್ಲಿ ಓಡಿ ನೋಡಿದಾಗಲೆಲ್ಲ ಗಡಿಯಾರ ಹನ್ನೆರಡರ ಆಚೆಗೇ ಬಂದು ನಿಲ್ಲುತ್ತಿತ್ತು. ಒಮ್ಮೆ ಕೂದಲೆಳೆಯಷ್ಟು ಆಚೆ, ಒಮ್ಮೆ ಅರ್ಧ ನಿಮಿಷ ಆಚೆ. ರಾತ್ರಿ ಪಾಳಿ ಮುಗಿಸಿ ಬಂದ ಕಾಲುಗಳನ್ನು ಮತ್ತೆ ರಸ್ತೆಗಿಳಿಸುವಾಗ ಅವಳಿಗೆ ಅಳು ಬರುತ್ತಿತ್ತು. ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ಪರೀಕ್ಷೆಗೆ ಎರಡು ದಿನವಿದ್ದಾಗ ಕೊನೆಯ ಅಭ್ಯಾಸ. ಅವತ್ತು ಕಾಲು ಹಗುರ, ಉಸಿರು ಸಲೀಸು. ಆರನೆಯ ಸುತ್ತಿನ ತಿರುವಿನಲ್ಲಿ ಅವಳು ಕೈಗಡಿಯಾರ ನೋಡಿಕೊಂಡಳು. ಸಿಕ್ಕಿತು, ಇವತ್ತು ಸಿಕ್ಕೇ ಸಿಕ್ಕಿತು ಅನ್ನುವಷ್ಟರಲ್ಲಿ ಮೈದಾನಕ್ಕೆ ನಾಯಿಯೊಂದು ನುಗ್ಗಿತು. ಅದು ಅವಳಿಂದ ಬಹಳ ದೂರದಲ್ಲಿತ್ತು. ಆದರೆ ಅಪ್ಪ ಒಂದು ಸೀಟಿ ಊದಿದ. ಪುಟ್ಟಿಯ ಕಾಲುಗಳು ಅವಳನ್ನು ಕೇಳದೆಯೇ ನಿಧಾನವಾದವು. ಮತ್ತೆ ಬಿರುಸು ಹಿಡಿಯುವುದರೊಳಗೆ ಹನ್ನೆರಡು ದಾಟಿತ್ತು.

ಅವಳು ನೇರ ಅಪ್ಪನ ಹತ್ತಿರ ಹೋದಳು.

"ನಾಯಿ ಬಂತಲ್ಲ, ಅದಕ್ಕೇ..." ಎಂದ ಅವನು.

"ನಾಯಿಗೂ ಸ್ಟಾಪ್ ಕೊಡ್ತೀಯಾ? ಸಾಕಪ್ಪಾ, ನಿನ್ನ ಸಹವಾಸ ಸಾಕು! ನಿನ್ನ ಬಸ್ಸು ಯಾವತ್ತೋ ನಿಂತೋಯ್ತು. ಅದಕ್ಕೆ ನನ್ನನ್ನ ಬಸ್ ಮಾಡ್ಕೊಂಡು ಆಟ ಆಡ್ತಿದೀಯ. ನನ್ನ ಕೆಲಸ ಹೋಗ್ತಾ ಇದೆ, ನಿನಗೆ ಆಟ!"

ದಾರ ಹಿಡಿದೆಳೆದು ಸೀಟಿಯನ್ನು ಅವನ ಕೊರಳಿನಿಂದ ತೆಗೆದು ತನ್ನ ಚೀಲದ ತಳಕ್ಕೆ ತುರುಕಿದಳು. ಅಪ್ಪ ತಲೆ ಬಗ್ಗಿಸಿ ದಾರ ಬಿಡಿಸಿಕೊಳ್ಳಲು ಅನುವು ಮಾಡಿಕೊಟ್ಟ, ಅಷ್ಟೇ. ಅದು ಅವಳನ್ನು ಇನ್ನಷ್ಟು ಉರಿಸಿತು. ಎರಡು ದಿನ ಅವನು ಊಟದ ಮುಂದೆ ಕೂತಾಗ, ಪತ್ರಿಕೆ ಓದುವಾಗ, ಕೈ ಎದೆಯ ಹತ್ತಿರ ಹೋಗಿ ಏನೂ ಸಿಗದೆ ಕೆಳಗಿಳಿಯುತ್ತಿತ್ತು. ಪುಟ್ಟಿ ನೋಡಿಯೂ ನೋಡದವಳಂತೆ ಇದ್ದಳು. ಆಡಿದ ಮಾತು ಅತಿಯಾಯಿತೆಂದು ಗೊತ್ತಿತ್ತು, ಆದರೆ ಕ್ಷಮೆ ಕೇಳುವಷ್ಟು ಸಿಟ್ಟು ಇಳಿದಿರಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಠಾಣೆಯ ಹಿಂದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಒಂದು ಬದಿಗೆ ತಗಡಿನ ಬೇಲಿ, ಇನ್ನೊಂದು ಬದಿಗೆ ಏಣಿ ಹತ್ತುವ ಅಭ್ಯಾಸದ ಗೋಪುರ. ಠಾಣಾಧಿಕಾರಿ ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಬೇಲಿಯ ಮೇಲೆ ಅಪ್ಪನ ನರೆತ ತಲೆ ಕಂಡಿತು. ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಸೈಕಲ್ಲನ್ನು ಬೇಲಿಗೊರಗಿಸಿ, ಅದರ ಕ್ಯಾರಿಯರಿನ ಮೇಲೆ ಕೂತು ಇಣುಕುತ್ತಿದ್ದ. ಪುಟ್ಟಿ ಮುಖ ತಿರುಗಿಸಿದಳು.

ಐದು ಸುತ್ತು ಓಡಿದ ರೀತಿಯನ್ನು ಅವಳಿಗೇ ನಂಬಲಾಗಲಿಲ್ಲ. ಯಾರಾದರೂ ಪಕ್ಕದಲ್ಲಿ ಬಂದರೆ ಬಿರುಸು ಸಿಗುತ್ತಿತ್ತು, ಬಿರುಸಾದ ಮೇಲೆ ಉಸಿರು ಬೇಗ ಹತೋಟಿಗೆ ಬರುತ್ತಿತ್ತು. ಸೇತುವೆಯ ಏರಿನಲ್ಲಿ ಕಣ್ಣಿಗೆ ಕತ್ತಲೆ ಕವಿದದ್ದು ಸುಮ್ಮನೆ ಹೋಗಿರಲಿಲ್ಲ. ಐದನೆಯ ಸುತ್ತು ಮುಗಿದಾಗ ಉದ್ದಣ್ಣ ಗೆರೆಯ ಪಕ್ಕದಿಂದ ಕೂಗಿದ: "ಆಗುತ್ತೆ ಅಕ್ಕ, ಹೀಗೇ ಬಂದ್ರೆ ಆಗೇ ಆಗುತ್ತೆ!"

ಆಗಲೇ ಗೋಪುರದ ಹತ್ತಿರ ಏಣಿಯ ಮೇಲಿದ್ದವರನ್ನು ಇಳಿಸಲು ಅಲ್ಲಿನ ತರಬೇತುದಾರ ಸೀಟಿ ಊದಿದ. ಒಂದೇ ಒಂದು.

ಪುಟ್ಟಿಯ ಕಾಲುಗಳು ನಿಧಾನವಾದವು.

ಅದು ತನಗಲ್ಲ ಎಂದು ತಲೆಗೆ ಗೊತ್ತಿತ್ತು. ಓಡು ಎಂದು ತಲೆ ಕಿರುಚುತ್ತಿತ್ತು. ಕಾಲುಗಳು ಕೇಳಬೇಕಲ್ಲ! ಅಷ್ಟು ವಾರ, ಅಷ್ಟು ಬೆಳಿಗ್ಗೆ ಅವುಗಳಿಗೆ ಕಲಿಸಿದ್ದು ಸೀಟಿಯ ಮಾತನ್ನು ಮಾತ್ರ. ಪಕ್ಕದಲ್ಲಿ ಒಬ್ಬ ದಾಟಿ ಹೋದ, ಇನ್ನೊಬ್ಬಳು ದಾಟಿದಳು. ಎಷ್ಟು ನೂಕಿದರೂ ಬರುತ್ತಿದ್ದುದು ಅದೇ ಕುಂಟು ನಿಧಾನ. ಫೋನು, ಕಿಟಕಿ, ಗೇಟು ದಾಟುವ ಕೆಂಪು ಗಾಡಿ ಕಣ್ಣ ಮುಂದೆ ಬಂದವು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ತುಂಬಿತು. ಅಪ್ಪನ ಮೇಲೆ, ಸೀಟಿಯ ಮೇಲೆ, ಅದನ್ನು ಕಸಿದು ಚೀಲಕ್ಕೆ ತುರುಕಿದ ತನ್ನ ಮೇಲೆ.

ಢಬ್ ಢಬ್!

ತಗಡಿನ ಬೇಲಿ ಅದುರಿತು. ಸೀಟಿ ಇಲ್ಲದ ಕಂಡಕ್ಟರ್ ಬಸ್ಸಿನ ಮೈಗೆ ಬಡಿಯುವಂತೆ ಅಪ್ಪ ಬೇಲಿಗೆ ಎರಡು ಸಲ ಬಡಿದಿದ್ದ.

"ರೈಟ್ ರೈಟ್! ಹೋಗಲಿ, ಹೋಗಲಿ!"

ಢಬ್ ಢಬ್!

ಕಾಲುಗಳಿಗೆ ಅದು ಸಾಕಾಯಿತು. ತಿರುವು ಹೇಗೆ ಕಳೆಯಿತೋ, ಮುಂದೆ ಹೋದವರನ್ನು ಹೇಗೆ ಹಿಂದೆ ಹಾಕಿದಳೋ ಅವಳಿಗೆ ನೆನಪಿಲ್ಲ. ಗೆರೆ ದಾಟಿ ಮಂಡಿಯೂರಿ ಕೆಮ್ಮುತ್ತಿದ್ದಾಗ ಠಾಣಾಧಿಕಾರಿ ಗಡಿಯಾರ ನೋಡಿ, ಇನ್ನೊಮ್ಮೆ ನೋಡಿ, "ಪಾಸು. ಕೂದಲೆಳೆಯಲ್ಲಿ ಪಾಸು," ಎಂದರು. ಆಮೇಲೆ, "ಅದ್ಯಾಕಮ್ಮ ನಡುವೆ ಹಾಗೆ ನಿಧಾನ ಆಗಿಬಿಟ್ಟೆ? ಅಲ್ಲೇನು ಬಸ್ ಸ್ಟಾಪಿತ್ತಾ?" ಎಂದು ಕೇಳಿದರು. ಅವರು ತಮಾಷೆಗೆ ಅಂದದ್ದು. ಪುಟ್ಟಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಹೊರಗೆ ಬಂದಾಗ ಅಪ್ಪ ಅಂಗೈಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ನಿಂತಿದ್ದ. ತಗಡಿನ ಅಂಚು ಕೊಯ್ದಿತ್ತು. ಅವಳು ಠಾಣೆಯ ಔಷಧಿ ಪೆಟ್ಟಿಗೆ ತಂದು ಗಾಯ ತೊಳೆದಳು. ಪಟ್ಟಿ ಸುತ್ತುವಾಗ ಬಾಯಿಬಿಟ್ಟಳು.

"ನೀನು ಆ ಸೀಟಿ ಕಲಿಸದೇ ಇದ್ದಿದ್ರೆ ನಾನು ನಿಧಾನ ಆಗ್ತಾನೇ ಇರ್ಲಿಲ್ಲ."

"ಹೌದು."

"ನನ್ನ ಕೆಲಸಾನೇ ಹೋಗ್ತಿತ್ತು."

"ಹೌದು ಕಣೆ. ಮತ್ತೆ ಹೊರಟಿದ್ದು?"

ಪುಟ್ಟಿಯ ಸಿಟ್ಟೆಲ್ಲ ಕೈಗಿಳಿಯಿತು. ಗಂಟು ಬಿಗಿಯಾಗಿ ಹಾಕಿದಳು, ಅಪ್ಪ "ಹಾ" ಎಂದ. ಚೀಲದ ತಳಕ್ಕೆ ಕೈ ಹಾಕಿ ಸೀಟಿ ತೆಗೆದು ಅವನ ಕೊರಳಿಗೆ ಹಾಕಿದಳು. "ಇಟ್ಕೋ. ಆದ್ರೆ ಇನ್ನು ಊದಿದ್ರೆ ನೋಡು," ಎಂದು ಹೇಳಿ, ತಪ್ಪಾಯಿತು ಅನ್ನುವ ಮಾತು ಬಾಯಿಗೆ ಬರುವ ಮೊದಲೇ ಮನೆಯ ದಾರಿ ಹಿಡಿದು ಬಿರಬಿರನೆ ನಡೆದಳು.

ಕೊಯ್ದ ಕೈಯಲ್ಲಿ ಬ್ರೇಕು ಹಿಡಿಯಲಾಗದ ಅಪ್ಪ ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಿದ್ದ. ಚಕ್ರದ ಕಿರಿಕಿರಿ ಸದ್ದು ಸ್ವಲ್ಪ ಹೊತ್ತು ಹತ್ತಿರ ಕೇಳಿತು, ಆಮೇಲೆ ದೂರವಾಯಿತು. ಆ ಮಂಡಿಗಳಿಗೆ ಇವಳ ನಡಿಗೆ ಎಲ್ಲಿ ಎಟುಕಬೇಕು? ಪುಟ್ಟಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ತಿರುಗಲಿಲ್ಲ.

ಹಿಂದಿನಿಂದ ಒಂದು ಸೀಟಿ ಬಂತು.

ಅವಳ ಕಾಲುಗಳು ರಸ್ತೆಯ ನಡುವೆ ಗಕ್ಕನೆ ನಿಂತವು. ಥೂ, ಎಂದು ಬೈದುಕೊಂಡಳು. ಅಪ್ಪ ಅವಸರ ಮಾಡಲಿಲ್ಲ. ಒಂದೊಂದೇ ಹೆಜ್ಜೆ ಇಟ್ಟು, ಏದುಸಿರು ಬಿಡುತ್ತ ಬಂದು ಅವಳ ಪಕ್ಕಕ್ಕೆ ಸೇರಿದ. ಹ್ಯಾಂಡಲ್ಲಿಗೆ ಕೈಯೂರಿ ಸುಧಾರಿಸಿಕೊಂಡ. ಪುಟ್ಟಿ ಮುಂದೆಯೇ ನೋಡುತ್ತ ಕಾದಳು.

ಆಮೇಲೆ ಅವನು ಎರಡು ಊದಿದ.