ಕುಜನ ಊರಿಗೆ ಒಂದು ಸಹಿ

ಜಾತಕ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳಿದ್ದಾರೆ. ಜಾತಕವೋ ಹಾಸಿಗೆಯೋ ಎಂದು ಓದುಗರು ತಕರಾರು ತೆಗೆಯಬಾರದು. ನಮ್ಮ ಮನೆಯಲ್ಲಿ ಎರಡನ್ನೂ ಬಿಡಿಸಿ ಹಾಸುತ್ತಿದ್ದವರು ಅಜ್ಜಿಯೇ. ಮುಂದೆ ಹೇಳುವುದೆಲ್ಲ ನಡೆದದ್ದು. ಅದರಲ್ಲಿ ಒಂದೇ ಒಂದು ಸುಳ್ಳಿದೆ, ಅದನ್ನು ಹೇಳಿದವನು ನಾನು.

ತಂದೆತಾಯಿ ಇಲ್ಲದ ಅಕ್ಕನನ್ನೂ ನನ್ನನ್ನೂ ಸಾಕಿದವರು ಅಜ್ಜಿ ಮತ್ತು ಅಜ್ಜಿಯ ಮಗಳು, ನಮ್ಮ ಅತ್ತೆ. ಅಕ್ಕ ನೀರು ಶುದ್ಧಿಮಾಡುವ ಯಂತ್ರಗಳ ಮೆಕ್ಯಾನಿಕ್. ಮಂಗಳ ಗ್ರಹದಲ್ಲಿ ಕಟ್ಟುತ್ತಿರುವ ಮೊದಲ ವಸತಿಗೆ ಅವಳು ಆಯ್ಕೆಯಾದದ್ದು ಅದಕ್ಕೇ. ಅಲ್ಲಿ ಕುಡಿದ ನೀರನ್ನೇ ಮತ್ತೆ ಮತ್ತೆ ತೊಳೆದು ಕುಡಿಯಬೇಕು. ಕಿಟಕಿಯಿಲ್ಲದ ಕೋಣೆಯಲ್ಲಿ ಐದು ಜನರ ಜೊತೆ ತೊಂಬತ್ತು ದಿನ ಕೂಡಿಹಾಕಿ ಪರೀಕ್ಷಿಸಿದ್ದರು. ಪಾಸಾಗಿದ್ದಳು. ಉಳಿದದ್ದು ಒಂದು ಸಹಿ.

ಆಯ್ಕೆ ಸಮಿತಿಯ ಮನಶ್ಶಾಸ್ತ್ರಜ್ಞೆಯ ನಿಯಮ ಅದು. ಹೋಗುವವರನ್ನು ಸಾಕಿ ಬೆಳೆಸಿದವರಲ್ಲಿ ಒಬ್ಬರು ‘ಮನೆಯ ದನಿ’ಯಾಗಲು ಒಪ್ಪಬೇಕು, ವಾರ ತಪ್ಪದೆ ಮಾತಾಡಿ ಕಳಿಸಬೇಕು. "ಗಾಳಿ ಕಡಿಮೆಯಾದ್ರೆ ಯಂತ್ರ ಕೂಗಿಕೊಳ್ಳುತ್ತೆ. ನನಗಾಗಿ ಯಾರೂ ಕಾಯ್ತಿಲ್ಲ ಅನ್ನಿಸಿದಾಗ ಕೂಗೋ ಯಂತ್ರ ಇಲ್ಲ" ಎಂದು ಆಕೆ ಅಕ್ಕನಿಗೆ ಹೇಳಿದ್ದರಂತೆ. ನಾನು ಹೇಳುತ್ತಿರುವ ದಿನ ಸಂಜೆ ಐದರೊಳಗೆ ಆ ಒಪ್ಪಿಗೆಯ ಕಾಗದ ಕಚೇರಿ ಸೇರದಿದ್ದರೆ ಅವಳ ಜಾಗ ಬೇರೆಯವರ ಪಾಲು.

ಅಜ್ಜಿ ಕಾಗದ ಮುಟ್ಟುವ ಮೊದಲು ಬೆಳಿಗ್ಗೆಯೇ ಜೋಯಿಸರನ್ನು ಕರೆಸಿದರು. ಜೋಯಿಸರ ಭಾಷೆಯಲ್ಲಿ ಮಂಗಳ ಅಂದರೆ ಕುಜ, ಕುಜ ಅಂದರೆ ದೋಷ. ಅವರು ಎರಡು ಸಲ ಕೆಮ್ಮಿದರು.

"ಹಾಗಿದ್ದ ಮೇಲೆ ಅಮ್ಮಾವ್ರೇ, ಹುಡುಗಿಗೆ ಏಳನೇ ಮನೇಲಿ ಕುಜ. ಇನ್ನು ಏಳು ವರ್ಷ ದೂರ ಹೋಗೋ ಹಾಗಿಲ್ಲ. ಹುಲಿ ಕಂಡ್ರೆ ಮರ ಹತ್ತಬೇಕು, ಹುಲಿ ಗುಹೇಲಿ ಬಾಡಿಗೆಗೆ ಇರೋದಲ್ಲ."

"ಅಲ್ಲಿ ನಿಂತು ತಲೆ ಎತ್ತಿದ್ರೆ ಆಕಾಶದಲ್ಲಿ ಕುಜಾನೇ ಇರಲ್ಲ ಜೋಯಿಸರೇ, ಭೂಮಿ ಇರುತ್ತೆ" ಎಂದಳು ಅಕ್ಕ. "ಅಲ್ಲಿ ಹುಟ್ಟೋ ಮಗೂಗೆ ಏನು ಬರೀತೀರಿ, ಭೂಮಿದೋಷ ಅಂತಲಾ?"

"ಬಾಯಿ ಮುಚ್ಚು" ಎಂದರು ಅಜ್ಜಿ. "ಅವರು ಹೇಳಿದ ಮೇಲೆ ಮುಗೀತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಸರಿದರು. ಅವರ ಏಳನೇ ಮನೆಯಲ್ಲೂ ಕುಜನೇ. ಇಪ್ಪತ್ತಾರು ವರ್ಷದ ಹಿಂದೆ ಪಕ್ಕದ ಊರಿನ ಶಾಲೆಯಲ್ಲಿ ಅವರಿಗೆ ಟೀಚರ್ ಕೆಲಸ ಸಿಕ್ಕಿತ್ತು; ಅಲ್ಲಿಯ ಗಣಿತದ ಮೇಷ್ಟರು ಮದುವೆಗೂ ಕೇಳಿದ್ದರು. ಇದೇ ಕೆಮ್ಮು, ಇದೇ ಏಳು ವರ್ಷ. ಏಳು ಮುಗಿಯುವ ಹೊತ್ತಿಗೆ ಕೆಲಸವೂ ಮೇಷ್ಟರೂ ಬೇರೆಯವರ ಪಾಲಾಗಿದ್ದರು. ಕುಜ ಏನನ್ನೂ ಕಸಿಯಲಿಲ್ಲ, ಪಾಪ. ಅವನಿಗೆ ಅತ್ತೆಯ ವಿಳಾಸವೂ ಗೊತ್ತಿಲ್ಲ. ಕಸಿದದ್ದು ನಡುಮನೆಯಲ್ಲಿ ಆಡಿದ ಒಂದು ಮಾತು. ಈಗಲೂ ಅತ್ತೆ ದಿನಪತ್ರಿಕೆಯ ತಪ್ಪುಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಾರೆ, ಯಾರಿಗೂ ತೋರಿಸುವುದಿಲ್ಲ. ಸಹಿಗೆ ಅವರನ್ನು ಕೇಳಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಪ್ರಿನ್ಸಿಪಾಲರಿಂದ ಪ್ರೆಷರ್ ಕುಕ್ಕರ್‌ವರೆಗೆ ಎಲ್ಲರ ದನಿ ಅನುಕರಿಸುವುದು ಕಾಲೇಜು ನನಗೆ ಕಲಿಸಿದ ಏಕೈಕ ವಿದ್ಯೆ. ಮಧ್ಯಾಹ್ನ ಮೂರೂವರೆಗೆ ಬೀದಿ ತುದಿಯ ಜೆರಾಕ್ಸ್ ಅಂಗಡಿಯಿಂದ ಮನೆಗೆ ಫೋನ್ ಮಾಡಿದೆ. ಅಜ್ಜಿಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. ಎರಡು ಸಲ ಕೆಮ್ಮಿದೆ.

"ಹಾಗಿದ್ದ ಮೇಲೆ ಅಮ್ಮಾವ್ರೇ, ಇನ್ನೊಂದು ಸಲ ನೋಡಿದೆ. ಕುಜ ಇರೋದು ವೃಶ್ಚಿಕದಲ್ಲಿ, ಅದು ಅವನ ಸ್ವಂತ ಮನೆ. ಸ್ವಂತ ಮನೇಲಿ ಕೂತೋನು ಯಾರ ಮೇಲೆ ರೇಗ್ತಾನೆ? ದೋಷ ಇಲ್ಲ. ಐದರೊಳಗೆ ಸಹಿ ಹಾಕಿಬಿಡಿ."

ಈ ವಿನಾಯಿತಿ ನಾನು ಹೆಣೆದದ್ದಲ್ಲ. ಅಟ್ಟದ ಮೇಲಿನ ಹಳೆಯ ಜ್ಯೋತಿಷ್ಯದ ಪುಸ್ತಕದಲ್ಲಿ ಓದಿಕೊಂಡದ್ದು.

"ಆಗಲಿ ಜೋಯಿಸರೇ, ನಿಮ್ಮ ಬಾಯಿಂದಲೇ ಬಂತಲ್ಲ" ಎಂದರು ಅಜ್ಜಿ, ಬೆಣ್ಣೆಯಂಥ ದನಿಯಲ್ಲಿ. ಆ ಬೆಣ್ಣೆಗೆ ನಾನು ಹೆದರಬೇಕಿತ್ತು.

ಮನೆಗೆ ಬಂದು ನೋಡಿದರೆ ಕುರ್ಚಿಯಲ್ಲಿ ಜೋಯಿಸರು. ಬೆಳಿಗ್ಗೆ ಮರೆತುಹೋದ ಕನ್ನಡಕಕ್ಕೆಂದು ಬಂದವರು ಫೋನು ಬಂದಾಗ ಅಲ್ಲೇ ಕೂತಿದ್ದರಂತೆ.

"ಬಾಪ್ಪಾ" ಎಂದರು. "ಈಗ ತಾನೇ ನಾನು ಫೋನ್ ಮಾಡಿದ್ದೆ. ಏನೇನು ಹೇಳಿದೆ ಅಂತ ನನಗೂ ಸ್ವಲ್ಪ ಹೇಳು."

ಅಜ್ಜಿ ಎದ್ದು ಬಂದು ನನ್ನ ಕಿವಿ ಹಿಡಿದರು. ಅಷ್ಟರಲ್ಲಿ ಅತ್ತೆ ನಡುಮನೆಗೆ ಬಂದು ನಿಂತರು.

"ಇವನು ಹೇಳಿದ್ದು ಶಾಸ್ತ್ರದಲ್ಲಿ ಇದ್ಯಾ, ಇಲ್ವಾ ಜೋಯಿಸರೇ?"

ಜೋಯಿಸರು ಒಂದೇ ಸಲ ಕೆಮ್ಮಿದರು. "ಇದೆ."

"ನನ್ನದೂ ವೃಶ್ಚಿಕದ ಕುಜಾನೇ. ನನಗ್ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲಮ್ಮ. ಅಡ್ಡಿ ಏನಿದೆ ನೋಡಿ ಅಂದ್ರು. ಅಡ್ಡಿ ನೋಡಿದೆ."

ಅಜ್ಜಿ ನನ್ನ ಕಿವಿ ಬಿಟ್ಟು ಕೂತರು. ಮಗಳ ಮುಖ ನೋಡಿದರು.

"ನಾನೇ ಅಂದೆ. ನಿಮ್ಮಪ್ಪ ಹೋಗಿ ವರ್ಷ ತುಂಬಿರಲಿಲ್ಲ. ನೀನೂ ಹೋದ್ರೆ ನನಗ್ಯಾರು ಅಂತ ಭಯ. ಭಯ ಅಂತ ಹೇಳೋಕೆ ನಾಚಿಕೆ ಕಣೇ. ಕುಜ ಅಂದ್ರೆ ನಾಚಿಕೆ ಇಲ್ಲ ನೋಡು." ಆಮೇಲೆ ಅಕ್ಕನ ಕಡೆ ತಿರುಗಿದರು. "ಕೊಡು ಇಲ್ಲಿ. ದೋಷ ಇಲ್ಲವಂತಲ್ಲ, ಹಾಕ್ತೀನಿ."

ಅಕ್ಕ ಕಾಗದ ಕೊಡಲಿಲ್ಲ.

"ಹಾಗಾದ್ರೆ ಬೇಡ ಅಜ್ಜಿ. ಕುಜ ಕರ್ಕಾಟಕದಲ್ಲಿರೋ ಹುಡುಗಿ ಏನು ಮಾಡಬೇಕು, ವಿನಾಯಿತಿ ಇಲ್ಲ ಅಂತ ಮೂಲೇಲಿ ಕೂರಬೇಕಾ? ದೋಷ ಇದ್ರೂ ಹೋಗು ಅನ್ನೋರು ಸಹಿ ಹಾಕಲಿ. ಇಲ್ಲ ಅಂದ್ರೆ ನನ್ನ ಜಾಗ ಹೋಗಲಿ, ನಾಳೆಯಿಂದ ಪಂಪ್ ರಿಪೇರಿಗೆ ಹೋಗ್ತೀನಿ."

ಗಂಟೆ ನಾಲ್ಕಾಗಿತ್ತು. ನನ್ನ ಮಿಮಿಕ್ರಿ ಅವಳಿಗೆ ಗೆದ್ದುಕೊಟ್ಟ ಸಹಿಯನ್ನು ಅವಳು ಎಲ್ಲರ ಎದುರು ಚೆಲ್ಲುತ್ತಿದ್ದಳು. ನನಗೆ ಸಿಟ್ಟು ಬಂತು, ಹೆಮ್ಮೆಯೂ.

ಅತ್ತೆ ಕೈ ಚಾಚಿ ಅವಳ ಕೈಯಿಂದ ಕಾಗದ ತೆಗೆದುಕೊಂಡರು. "ದೋಷ ಇದ್ರೂ ಹೋಗು" ಎಂದು ಸಹಿ ಹಾಕಿದರು. "ಅಮ್ಮ, ನಿನ್ನ ಅಪ್ಪಣೆ ಕೇಳ್ತಾ ಇಲ್ಲ, ವಿಷಯ ಹೇಳ್ತಾ ಇದೀನಿ."

"ವಾರ ವಾರ ನೀನೇನು ಮಾತಾಡ್ತೀಯೇ? ನಾಲ್ಕು ಮಾತಾಡಿದ್ದೇ ನಾನು ಕಾಣೆ" ಎಂದರು ಅಜ್ಜಿ. "ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ ಬಿಡು."

"ಬೇಡಮ್ಮ. ಇಲ್ಲಿ ಆಡಿದ್ದು ಅಲ್ಲಿಗೆ ಮುಟ್ಟೋಕೆ ಒಂದೊಂದು ಸಲ ಇಪ್ಪತ್ತು ನಿಮಿಷ ಬೇಕಂತೆ, ಉತ್ತರಕ್ಕೆ ಇನ್ನಿಪ್ಪತ್ತು. ಬಾಗಿಲು ಹಾಕ್ಕೊಂಡು ಮಾತಾಡ್ತೀನಿ. ನಲವತ್ತು ನಿಮಿಷ ನಾನು ಮಾತಾಡ್ತಾ ಇದ್ರೆ ಮಧ್ಯೆ ಬಾಯಿ ಹಾಕೋರು ಇರಲ್ಲ. ಈ ಮನೇಲಿ ಹುಟ್ಟಿದಾಗಿಂದ ಇಂಥ ಸೌಕರ್ಯ ನಾನು ಕಂಡಿಲ್ಲ."

ಜೋಯಿಸರು ಕನ್ನಡಕ ತೆಗೆದು ನಕ್ಕರು. ಕಾಗದ ಹಿಡಿದು ಕಚೇರಿಗೆ ಓಡಲು ಚಪ್ಪಲಿ ಮೆಟ್ಟುತ್ತಿದ್ದ ಅಕ್ಕ ನಕ್ಕಳು, ನಾನೂ ನಕ್ಕೆ. ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಮಧ್ಯೆ ಬಾಯಿ ಹಾಕುತ್ತಿದ್ದೇನೆಂದು ಅಲ್ಲೇ ತಿಳಿದು ಗಪ್ಪನೆ ಮುಚ್ಚಿದರು. ತಡೆಯಲಾಗಲಿಲ್ಲ. ಮಗಳ ತೋಳು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ನಮ್ಮೆಲ್ಲರ ನಗು ಕೇಳದಷ್ಟು ಜೋರಾಗಿ ನಕ್ಕರು.