ಮೇನ್ ಸ್ವಿಚ್ಚಿನ ಪಕ್ಕದ ಮೊಳೆ

ಆ ಶವರ್ ನಮ್ಮ ಮನೆಗೆ ಬಂದದ್ದು ತೊಂಬತ್ತನಾಲ್ಕರಲ್ಲಿ, ದುಬೈಯಿಂದ, ನನ್ನ ಮೈದುನ ಸಾಯಿನಾಥನ ಸೂಟ್‌ಕೇಸಿನಲ್ಲಿ. ಬೇರೆಯವರ ಮೈದುನಂದಿರು ಸೆಂಟು ತರುತ್ತಾರೆ, ಸೀರೆ ತರುತ್ತಾರೆ. ನಮ್ಮವನು ಸ್ನಾನ ತಂದ. ಗೋಡೆಗೆ ಜಡಿಯುವ ಬಿಳಿಯ ಪೆಟ್ಟಿಗೆ, ಅದರೊಳಗೆ ನೀರು ಕಾಯಿಸುವ ಸುರುಳಿ, ಅದರೊಳಗೇ ಒಂದು ಪುಟ್ಟ ಪಂಪು. ಹೊರಗೆ ಹಾವಿನಂತೆ ಬಳುಕುವ ಉಕ್ಕಿನ ಕೊಳವೆ, ಅದರ ತುದಿಗೆ ಕೈಯಲ್ಲಿ ಹಿಡಿಯುವ ತೂತಿನ ಬಿಲ್ಲೆ. ಕಾರವಾರದ ಕೋಡಿಬಾಗದಲ್ಲಿ ನಮ್ಮದು ಹಂಚಿನ ಮನೆ. ನೀರಿನ ಟಾಂಕಿ ಬಚ್ಚಲಿನ ಮಾಡಿಗಿಂತ ಒಂದು ಗೇಣು ಮೇಲೆ ಇದ್ದರೆ ಹೆಚ್ಚು. ನಲ್ಲಿ ತಿರುಗಿಸಿದರೆ ನೀರು ಬರುತ್ತಿರಲಿಲ್ಲ, ಅಳುತ್ತಿತ್ತು.

"ಪಂಪು ಅದೆಯಲ್ಲಾ ವೈನಿ, ಮಳೆ ಬಂದಂಗೆ ಬೀಳ್ತದೆ ನೋಡು" ಎಂದ ಸಾಯಿನಾಥ, ಅದನ್ನು ಗೋಡೆಗೆ ಹಾಕುವ ಮೊದಲೇ ರಜೆ ಮುಗಿಸಿ ಹೋದ.

ಹಾಕಿದವನು ದೇವು. ನಮ್ಮ ಕೇರಿಯ ವೈರಿಂಗ್‌ನವನು, ಕೈಗಿಂತ ಬಾಯಿ ಮುಂದು. ಜಗಲಿಯ ಮೇನ್ ಸ್ವಿಚ್ಚಿನಿಂದ ಬಚ್ಚಲಿನವರೆಗೆ ದಪ್ಪ ವೈರು ಎಳೆದ. ಬಚ್ಚಲಿನ ಹೊರಗೋಡೆಗೆ ಒಂದು ಸ್ವಿಚ್ಚು ಕೂರಿಸಿದ. ಅದು ಇಷ್ಟು ಭಾರ ತಡೆಯದ, ಬರೀ ಲೈಟಿಗೆ ಹಾಕುವ ಸ್ವಿಚ್ಚೆಂದು ಆಗ ನನಗೆ ಗೊತ್ತಿರಲಿಲ್ಲ. ಕೊನೆಗೆ ಹಸಿರು ಬಣ್ಣದ ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ, ಕೈ ಒರೆಸಿಕೊಂಡ.

"ಈ ಪೈಪು ಬಾವಿತನಕ ಮಣ್ಣೊಳಗೇ ಹೋಗ್ತದೆ ವೈನಿ. ಕರೆಂಟು ಎಲ್ಲಾದ್ರೂ ಸೋರ್ತು ಅಂತ ಇಟ್ಕಳಿ, ನಿಮ್ಮ ಮೈಗೆ ಬರೂದಿಲ್ಲ, ಇದರಾಗೇ ಇಳ್ದು ಮಣ್ಣಿಗೆ ಹೋಗ್ತದೆ. ಹೆದ್ರೂದೇ ಬ್ಯಾಡ."

ಹೆದರಲಿಲ್ಲ. ಬಿಸಿನೀರು ತಲೆಯ ಮೇಲೆ ಹೊಯ್ಯುತ್ತಿದ್ದರೆ ನನ್ನಂಥವಳಿಗೆ ಅದೇ ಅರಮನೆ. ನಾನು ಅಂಕೋಲೆಯ ಕೇಣಿಯವಳು. ಅಪ್ಪ ಅಮ್ಮ ಬೇರೆಯವರ ಗದ್ದೆಯಲ್ಲಿ ದುಡಿದವರು. ಈ ಮನೆಗೆ ಎರಡನೇ ಸಂಬಂಧವಾಗಿ ಬಂದೆ. ಇವರು, ಎಂದರೆ ನನ್ನ ಗಂಡ, ಬಂದರಿನಲ್ಲಿ ಲಾಂಚು ನಡೆಸುತ್ತಾರೆ. ಮೊದಲ ಹೆಂಡತಿ ಹೀರಾ ಕಾಮಾಲೆಯಾಗಿ ತೀರಿಹೋದಳು, ಸ್ವಾತಿ ಎಂಬ ಮಗಳನ್ನು ಬಿಟ್ಟು.

ಮದುವೆಯ ದಿನ ಅತ್ತೆ ಶಂಕರಿ ನನ್ನ ಕತ್ತಿಗೆ ಕರಿಮಣಿಯ ಜೊತೆಗೆ ಇನ್ನೊಂದು ಬೆಳ್ಳಿ ಸರ ಹಾಕಿದರು. ಅದರಲ್ಲಿ ಬೆರಳಿನ ಉಗುರಿನಷ್ಟು ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಹೆಣ್ಣಿನ ಆಕಾರ. ಸವತಿ ಪದಕ. ಸತ್ತ ಸವತಿಯನ್ನು ಎರಡನೆಯವಳು ಕತ್ತಿನಲ್ಲಿ ಹೊರಬೇಕು, ಆಗ ಅವಳು ಸಿಟ್ಟಾಗುವುದಿಲ್ಲ ಎಂದು ನಂಬಿಕೆ. ಮೀಯುವಾಗಲೂ ತೆಗೆಯಕೂಡದು. ಗಂಡನನ್ನು ಹಂಚಿಕೊಂಡದ್ದು ಸಾಲದೆಂದು ಕತ್ತನ್ನೂ ಹಂಚಿಕೊಂಡೆ. ನನಗೆ ಹೀರಾಳ ಮೇಲೆ ಹೊಟ್ಟೆಕಿಚ್ಚಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು? ಬದುಕಿರುವವಳಾದರೆ ಜಗಳವಾಡಿ ಹಗುರಾಗಬಹುದು. ಸತ್ತವಳ ಹತ್ತಿರ ಜಗಳವಾಡುವುದು ಹೇಗೆ?

ಈ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ, ಆ ಹುಡುಗಿ. ಸ್ವಾತಿ ನನ್ನನ್ನು ಚಿಕ್ಕಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು, ಅದೂ ಬೇಕಾದಾಗ ಮಾತ್ರ. ಊಟ ಬಡಿಸಿದರೆ ಉಣ್ಣುತ್ತಿದ್ದಳು, ಚೀಲ ಕೊಟ್ಟರೆ ಶಾಲೆಗೆ ಹೋಗುತ್ತಿದ್ದಳು. ತಲೆಕೂದಲು ಮುಟ್ಟಲು ಹೋದರೆ ಮಾತ್ರ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಸ್ನಾನ ಮಾಡಿಸಲು ಅಜ್ಜಿಯೇ ಬೇಕು, ಹಂಡೆಯ ನೀರೇ ಬೇಕು.

ಶವರ್ ಒಂದು ಮಳೆಗಾಲ ಚೆನ್ನಾಗಿ ನಡೆಯಿತು. ನಮ್ಮ ಬಾವಿಯ ನೀರಿನಲ್ಲಿ ಉಪ್ಪು. ಕಬ್ಬಿಣದ ಪೈಪನ್ನು ಅದು ತಿಂದು ತೂತು ಮಾಡಿತ್ತು. ಇವರು ಒಂದು ಭಾನುವಾರ ಜನ ಕರೆದು ಬಾವಿಯಿಂದ ಬಚ್ಚಲಿನವರೆಗೂ ಪ್ಲಾಸ್ಟಿಕ್ ಪೈಪು ಹಾಕಿಸಿದರು. ಹಳೆ ಪೈಪು ಗುಜರಿಗೆ ಹೋಯಿತು. ದೇವು ಸುತ್ತಿದ್ದ ಹಸಿರು ತಂತಿಯ ನೆನಪು ಯಾರಿಗೂ ಆಗಲಿಲ್ಲ.

ಆಮೇಲೆ ಅದು ಶುರುವಾಯಿತು. ಒಂದು ಬೆಳಿಗ್ಗೆ ಮೀಯುತ್ತಿದ್ದಾಗ ಉಕ್ಕಿನ ಕೊಳವೆ ಕತ್ತಿಗೆ ತಗುಲಿತು. ಸರಿಯಾಗಿ ಸವತಿ ಪದಕ ಇದ್ದ ಕಡೆಗೇ ಯಾರೋ ಉಗುರಿನಿಂದ ಚಿವುಟಿದಂತಾಯಿತು. ಮುಟ್ಟಿ ನೋಡಿದೆ, ಏನೂ ಇಲ್ಲ. ಮರುದಿನ ಮತ್ತೆ ಅಲ್ಲೇ. ಮೂರನೆಯ ಸಲ ನೀರಿನ ಎಳೆಗಳೇ ನನ್ನ ಕೈಬೆರಳ ಸಂದಿಗಳಲ್ಲಿ ಸಣ್ಣಗೆ ನಡುಗಿದವು, ಬೇರೆ ಯಾರದೋ ಬೆರಳುಗಳು ನನ್ನ ಬೆರಳ ನಡುವೆ ತೂರಿಕೊಂಡ ಹಾಗೆ. ಒದ್ದೆ ಬಟ್ಟೆಯಲ್ಲೇ ಹೊರಗೆ ಓಡಿಬಂದೆ.

ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಚಿವುಟಿದ್ದನ್ನೆಲ್ಲ ಹೇಳಿದೆ.

"ಹೀರಾ ಅದು" ಎಂದರು. "ಮಲಗಿದಲ್ಲೇ ಇದ್ದಾಗ ಬಿಸಿನೀರಾಗೆ ಒಂದ್ಸಲ ಮೀಸಿ, ಒಂದ್ಸಲ ಮೀಸಿ ಅಂತ ಹೇಳ್ತಾನೇ ಇತ್ತು. ವೈದ್ಯರು ಬ್ಯಾಡ ಅಂದಿದ್ರು, ನಾ ಮೀಸಲಿಲ್ಲ. ಈಗ ಬಿಸಿನೀರಿದ್ದಲ್ಲಿಗೇ ಬಂದದೆ."

ಅತ್ತೆ ಆ ಬಿಳಿ ಪೆಟ್ಟಿಗೆಗೆ ಅರಿಸಿನ ಕುಂಕುಮ ಹಚ್ಚಿದರು, ಕೊಕ್ಕೆಗೆ ಹಸಿರು ಬಳೆ ತೂಗುಹಾಕಿದರು. "ನಿನ್ನ ಪಾಲು ನಿಂಗದೆ ಮಗಾ, ಈ ಹುಡುಗಿನ್ನ ಚಿವುಟಬ್ಯಾಡ" ಎಂದು ಗೋಡೆಯ ಹತ್ತಿರ ಹೇಳಿದರು. ಇವರನ್ನು ಕೇಳಿದರೆ, ತಾಯಿಯ ಕಡೆ ಕೈ ತೋರಿಸಿ, "ಆಯಿ ಹೇಳಿದಂಗೆ ಮಾಡು" ಎಂದರು. ಇವರದು ಬೆಳಕು ಹರಿಯುವ ಮೊದಲೇ ಬಾವಿಕಟ್ಟೆಯ ಮೇಲೆ ಕೊಡಪಾನದ ಸ್ನಾನ. ಇವರಿಗೇನು ಗೊತ್ತು?

ನಾನೂ ನಂಬಿದೆ. ಬಚ್ಚಲಿಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಹೀರಕ್ಕಾ, ಮೀಯೂಕೆ ಬಂದೆ" ಎಂದು ಹೇಳತೊಡಗಿದೆ. ಕೆಲವು ದಿನ ಚಿವುಟುತ್ತಿದ್ದಳು, ಕೆಲವು ದಿನ ಇಲ್ಲ. ಚಿವುಟದ ದಿನ ನನಗೆ ಇನ್ನೂ ಹೆಚ್ಚು ಹೆದರಿಕೆ. ಅವಳು ಎಲ್ಲೋ ಹಿಂದೆ ನಿಂತು ನೋಡುತ್ತಿದ್ದಾಳೆ ಎನಿಸಿ ಸೋಪು ಹಚ್ಚಿದ ಕಣ್ಣು ಮುಚ್ಚಲಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ವಿಷಯ ಗಮನಕ್ಕೆ ಬಂತು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಮಿಂದ ದಿನ ಚಿವುಟುವುದಿಲ್ಲ. ಬರಿಗಾಲಲ್ಲಿ ನಿಂತರೆ ಚಿವುಟುತ್ತದೆ. ಇದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು.

"ಕುಂಕುಮ ಹಚ್ಚಿದ ಜಾಗಕ್ಕೆ ಚಪ್ಪಲಿ ಹಾಕ್ಕಂಡು ಹೋಗ್ತ್ಯಾ? ಅದ್ಕೇ ಹೀರಾಗೆ ಸಿಟ್ಟು!" ಎಂದು ಚಪ್ಪಲಿಯನ್ನು ಅಂಗಳಕ್ಕೆ ಎಸೆದರು. ಅಂದಿನಿಂದ ಬಚ್ಚಲಿಗೆ ಬರಿಗಾಲು.

ಆದರೆ ನನ್ನ ತಲೆಯೊಳಗೆ ಹುಳ ಹೊಕ್ಕಿತ್ತು. ಸತ್ತವಳಿಗೆ ಹವಾಯಿ ಚಪ್ಪಲಿಯ ಹೆದರಿಕೆ ಯಾಕೆ?

ಅಷ್ಟರಲ್ಲಿ ಸ್ವಾತಿಯ ಕಿವಿಗೆ ಎಲ್ಲ ಬಿದ್ದಿತ್ತು. ಹೆತ್ತ ತಾಯಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಒಂದು ಸಂಜೆ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದಳು, "ಅಜ್ಜೀ, ಆಯಿ ಶವರಿನಾಗೆ ಅದ್ಯಾ?"

"ಅದೆ ಮಗಾ."

"ಚಿಕ್ಕಿನ ಮಾತ್ರ ಮುಟ್ಟೂದು ಯಂತಕೆ? ನನ್ನ ಮುಟ್ಟೂದಿಲ್ವಾ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನದಿಂದ ನಾನು ಮಿಂದು ಬಾಗಿಲು ತೆಗೆದರೆ ಹುಡುಗಿ ಹೊರಗೆ ನಿಂತಿರುತ್ತಿದ್ದಳು, ಅಂಗೈಯನ್ನು ಬಾಗಿಲಿಗೆ ಒತ್ತಿಕೊಂಡು. ನನ್ನನ್ನಲ್ಲ, ನನ್ನ ಕತ್ತಿನ ಪದಕವನ್ನು ನೋಡುತ್ತಿದ್ದಳು. ನಾನು ಕರೆದರೆ ಬಾರದವಳು ಆ ಗೋಡೆಯ ಪೆಟ್ಟಿಗೆಗಾಗಿ ಕಾದು ನಿಲ್ಲುತ್ತಾಳಲ್ಲ ಎಂದು ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ದೇವು ಯಾರದೋ ಮದುವೆಯ ಲೈಟಿನ ಕೆಲಸಕ್ಕೆ ಅಂಕೋಲೆಗೆ ಹೋಗಿದ್ದ. ಬಂದ ಕೂಡಲೇ ಬಾ ಎಂದು ಹೇಳಿಕಳಿಸಿದೆ. ಅಲ್ಲಿಯವರೆಗೆ ಯಾರೂ ಶವರ್ ಹಾಕಕೂಡದು ಎಂದೆ. ಅತ್ತೆ ಮುಖ ತಿರುಗಿಸಿದರು, ಸ್ವಾತಿ ಬಚ್ಚಲಿನ ಬಾಗಿಲನ್ನೇ ನೋಡುತ್ತಿದ್ದಳು.

ಶಾಲೆಗೆ ರಜೆಯಿದ್ದ ದಿನ. ಇವರು ಬಂದರಿಗೆ ಹೋಗಿದ್ದರು, ಅತ್ತೆ ಮೀನು ಪೇಟೆಗೆ. ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಿಸಿಲು ಚುರುಗುಡುತ್ತಿತ್ತು, ಪಕ್ಕದ ಮನೆಯ ರೇಡಿಯೋದಲ್ಲಿ ಕೊಂಕಣಿ ಹಾಡು. ಅದರ ನಡುವೆ ಗುಂಯ್ ಎಂದು ಪಂಪಿನ ಸದ್ದು ಕೇಳಿತು.

ಕೈಯಲ್ಲಿದ್ದ ಸೀರೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗುಳಿ. "ಸ್ವಾತೀ!" ಎಂದು ಕಿರುಚಿದೆ. ನೀರು ಬೀಳುವ ಸದ್ದು, ಅದರೊಳಗೆ ಗಂಟಲಲ್ಲೇ ಸಿಕ್ಕಿಕೊಂಡ ಒಂದು ಸ್ವರ, "ಆ… ಆ… ಆ…" ಎಂದು. ಗೋಡೆಯ ಸ್ವಿಚ್ಚು ಆರಿಸಿದೆ. ಗುಂಡಿ ಮೇಲೆ ಹೋಯಿತು, ಪಂಪು ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಮತ್ತೆ. ಒಳಗೆ ಸುಟ್ಟು ಅಂಟಿಕೊಂಡಿತ್ತು, ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಜಗಲಿಗೆ ಓಡಿದೆ. ಮೇನ್ ಸ್ವಿಚ್ಚು ಎತ್ತರದಲ್ಲಿತ್ತು, ಕಬ್ಬಿಣದ ಪೆಟ್ಟಿಗೆ, ಬದಿಗೆ ಕಬ್ಬಿಣದ ಹಿಡಿ. ನನಗೆ ಎಟುಕುವುದಿಲ್ಲ, ಸ್ಟೂಲು ಬೇಕು. ಸ್ಟೂಲು ಅಡುಗೆಮನೆಯಲ್ಲಿ. ದೇವರೇ, ಹೀರಕ್ಕಾ, ಬಿಡೇ ಅದನ್ನ, ಅದು ನಿನ್ನದೇ ಮಗುವಲ್ಲವೇ ಎಂದು ಕೂಗುತ್ತ ಜಗಲಿಯ ಹೊಸ್ತಿಲು ದಾಟಿದೆ. ಅಷ್ಟರಲ್ಲಿ ಬಚ್ಚಲಿನ ಕಡೆ ಪಂಪಿನ ಸದ್ದು ನಿಂತಿತು.

ಜಗಲಿಗೆ ತಿರುಗಿ ತಲೆಯೆತ್ತಿ ನೋಡಿದೆ. ಮೇನ್ ಸ್ವಿಚ್ಚಿನ ಹಿಡಿ ಕೆಳಗಿತ್ತು. ಜಗಲಿಯಲ್ಲಿ ಯಾರೂ ಇರಲಿಲ್ಲ. ತಲೆಯ ಮೇಲಿನ ಫ್ಯಾನು ಮೆಲ್ಲಗೆ ನಿಲ್ಲುತ್ತಿತ್ತು. ಪಕ್ಕದ ಮನೆಯ ರೇಡಿಯೋ ಹಾಡುತ್ತಲೇ ಇತ್ತು.

ನಿಂತು ಯೋಚಿಸುವ ಹೊತ್ತಲ್ಲ. ಓಡಿಹೋಗಿ ಬಚ್ಚಲಿನ ಬಾಗಿಲಿಗೆ ಹೆಗಲು ಕೊಟ್ಟೆ, ಅಗುಳಿ ಕಿತ್ತುಬಂತು. ಸ್ವಾತಿ ನೆಲದ ಮೇಲೆ ಕೂತಿದ್ದಳು. ತುಟಿ ಬಿಳುಚಿಕೊಂಡಿತ್ತು, ಉಸಿರಿತ್ತು. ಅಂಗೈಯಲ್ಲಿ ಕೊಳವೆಯ ಸುರುಳಿಯ ಗುರುತು ಕೆಂಪಗೆ ಬಿದ್ದಿತ್ತು. ಬಾಚಿ ಎದೆಗೆ ಒತ್ತಿಕೊಂಡೆ. ಮೊದಲ ಸಲ ಅವಳು ನನ್ನಿಂದ ಬಿಡಿಸಿಕೊಳ್ಳಲಿಲ್ಲ.

"ಆಯಿ ಕೈ ಹಿಡ್ಕಂಡಿತ್ತು" ಎಂದಳು ಹಲ್ಲು ಕಟಕಟಿಸುತ್ತ. "ನಾ ಬಿಡು ಅಂದೆ. ಬಿಡ್ಲೇ ಇಲ್ಲ."

"ಆಮೇಲೆ?"

"ಆಮೇಲೆ ಬಿಡ್ತು."

ಡಾಕ್ಟರರ ಹತ್ತಿರ ಎತ್ತಿಕೊಂಡು ಹೋಗಿ ತೋರಿಸಿಕೊಂಡು ಬಂದೆವು. ಹುಡುಗಿಗೆ ಏನೂ ಆಗಿರಲಿಲ್ಲ. ಮರುದಿನ ದೇವು ಬಂದ. ಇವರು ಮೇನ್ ಹಾಕಿದ ಮೇಲೆ ಟೆಸ್ಟರನ್ನು ಆ ಕೊಳವೆಗೆ ಮುಟ್ಟಿಸಿದ, ಕೆಂಪು ದೀಪ ಹತ್ತಿತು. ಕೊಕ್ಕೆಯಲ್ಲಿದ್ದ ಹಸಿರು ಬಳೆಗಳನ್ನು ನೋಡಿದ, ನನ್ನ ಮುಖ ನೋಡಿದ. ಆಮೇಲೆ ಮೀಟರಿನ ಫ್ಯೂಸು ಕಿತ್ತಿಟ್ಟು, ಗೋಡೆ ಒಡೆದು ತನ್ನ ತಂತಿಯನ್ನು ಹುಡುಕಿದ. ಗುಜರಿಗೆ ಹೋಗದೆ ಗೋಡೆಯಲ್ಲೇ ಉಳಿದಿದ್ದ ಒಂದು ಮೋಟು ಪೈಪಿಗೆ ಅದು ಸುತ್ತಿಕೊಂಡಿತ್ತು. ಅತ್ತ ಬಾವಿಯೂ ಇಲ್ಲ, ಇತ್ತ ಮಣ್ಣೂ ಇಲ್ಲ.

"ಪೈಪು ತೆಗೀವಾಗ ನಂಗೊಂದು ಮಾತು ಹೇಳೂದಲ್ವಾ?" ಎಂದು ಇವರ ಮೇಲೆ ಹಾರಾಡಿದ.

"ಆ ಸ್ವಿಚ್ಚು ಯಾರು ಹಾಕಿದ್ದೋ?" ಎಂದು ನಾನು ಅವನ ಮೇಲೆ ಹಾರಾಡಿದೆ. ದೇವು ತಲೆ ತಗ್ಗಿಸಿದ.

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನೆಲ ಸದಾ ಒದ್ದೆಯಿರುವಲ್ಲಿ, ಆಳ ಗುಂಡಿ ತೋಡಿದರು. ಹಸಿರು ತಂತಿ ಕಟ್ಟಿದ ತಾಮ್ರದ ತಗಡು ಇಳಿಸಿ ಮೇಲೆ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಉಪ್ಪು ಹಾಕಿ ಮುಚ್ಚಿದರು. ಅತ್ತೆ ದೂರ ನಿಂತು, ಹೆಣ ಹೂಳುವುದನ್ನು ನೋಡುವವರಂತೆ ನೋಡಿದರು. ಪೆಟ್ಟಿಗೆಯೊಳಗೆ ಕರೆಂಟು ಸೋರುತ್ತಿದ್ದ ಸುರುಳಿ ಬದಲಾಯಿತು, ಬಚ್ಚಲಿನ ಹೊರಗೆ ಭಾರ ತಡೆಯುವ ದೊಡ್ಡ ಸ್ವಿಚ್ಚು ಬಂತು. ಕರೆಂಟು ಒಂದಿಷ್ಟು ಸೋರಿದರೂ ತಾನೇ ಬಿದ್ದು ಲೈನು ಕಡಿಯುವ ಟ್ರಿಪ್ಪರ್ ಒಂದನ್ನು ಹುಬ್ಬಳ್ಳಿಯಿಂದ ತರಿಸಿದರು. "ತಿಂಗಳಿಗೊಮ್ಮೆ ಇದರ ಗುಂಡಿ ಒತ್ತಿ ನೋಡಿ, ಬೀಳಬೇಕು. ಬಿದ್ದಿಲ್ಲ ಅಂದ್ರೆ ಶವರ್ ಮುಟ್ಟಬ್ಯಾಡಿ. ಬ್ಯಾಸಗೆಲಿ ಹಿತ್ತಲ ಇದ್ದಿಲ ಗುಂಡಿಗೆ ನೀರು ಹಾಕಿ. ಮತ್ತೆ ಮೀಯೂವಾಗ ಕತ್ತಿನಾಗೆ ಲೋಹದ ಸರ ಬ್ಯಾಡ ವೈನಿ" ಎಂದ ದೇವು.

ಕೊನೆಗೆ ಮೇನ್ ಸ್ವಿಚ್ಚಿನ ಬಗ್ಗೆ ಕೇಳಿದೆ. ಅದು ತಾನಾಗಿ ಬಿದ್ದಿರಬಹುದೇ?

"ಬಿದ್ದಿರಬಹುದು. ಹಿಡಿ ಸಡಿಲಾಗಿದ್ರೆ ಬೀಳ್ತದೆ" ಎನ್ನುತ್ತ ಸ್ಟೂಲು ಹತ್ತಿ ಹಿಡಿಯನ್ನು ಎಳೆದ. ಬರಲಿಲ್ಲ. ಉಪ್ಪುಗಾಳಿಗೆ ಜಂಗು ಹಿಡಿದಿತ್ತು. ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಜಗ್ಗಿದಾಗ ಕಿರ್ರೆಂದು ಇಳಿಯಿತು. ಫ್ಯೂಸು ತೆಗೆದು ನೋಡಿದ, ತಂತಿ ಸುಟ್ಟಿರಲಿಲ್ಲ. ಸ್ಟೂಲಿನಿಂದ ಇಳಿದು ಬೀಡಿ ಹಚ್ಚಿದ.

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಹಿಡಿದದ್ದು ಕರೆಂಟು. ಅದು ದೇವುವಿನ ಟೆಸ್ಟರಿಗೆ ಗೊತ್ತಿತ್ತು. ಬಿಡಿಸಿದ್ದು ಯಾರೆಂದು ನನಗೆ ಗೊತ್ತಿತ್ತು. ಇಷ್ಟು ದಿನ ಅವಳ ಮೇಲೆ ಹೊಟ್ಟೆಕಿಚ್ಚುಪಟ್ಟೆನಲ್ಲ ಎಂದು ನಾಚಿಕೆಯಾಯಿತು.

ಪದಕ ತೆಗೆಯುತ್ತೇನೆಂದಾಗ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಸುತ್ತಿಗೆ ಹುಡುಕಿ, ಸ್ಟೂಲು ಹತ್ತಿ, ಮೇನ್ ಸ್ವಿಚ್ಚಿನ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದೆ. ಬೆಳ್ಳಿ ಸರವನ್ನು ಅದಕ್ಕೆ ತೂಗುಹಾಕಿದೆ.

"ಮಿಂದು ಬಂದು ಹಾಕ್ಕಳ್ತೆ ಅತ್ತೆ. ಅಲ್ಲೀತನಕ ಅದು ಇಲ್ಲೇ ಇರ್ಲಿ" ಎಂದೆ. ಅತ್ತೆ ಮೊಳೆಯನ್ನು ನೋಡಿದರು, ಸ್ವಿಚ್ಚಿನ ಹಿಡಿಯನ್ನು ನೋಡಿದರು. ಅಂಗಳಕ್ಕೆ ಇಳಿದು ನನ್ನ ಹವಾಯಿ ಚಪ್ಪಲಿ ತಂದು ಬಚ್ಚಲಿನ ಬಾಗಿಲಲ್ಲಿ ಇಟ್ಟರು.

ಕೆಲವು ದಿನ ಕಳೆದು ಸ್ವಾತಿ ಶವರಿಗೆ ಹೆದರಿಕೊಂಡೇ ಬಂದಳು. ನೀರನ್ನು ಮೊದಲು ನನ್ನ ಕೈ ಮೇಲೆ ಬಿಟ್ಟು ಬಿಸಿ ನೋಡಿ, ಅವಳ ಕೈಗೆ ಬಿಟ್ಟೆ. ಅಂಗೈಯ ಗುರುತು ಮಾಸಿತ್ತು. ಬಹಳ ಹೊತ್ತು ನೀರಿನ ಕೆಳಗೆ ಕೈ ಹಿಡಿದು ಕಾದಳು.

"ಎಂತದೂ ಇಲ್ಲ" ಎಂದಳು. "ಆಯಿ ಹೋಯ್ತಾ ಚಿಕ್ಕೀ?"

"ಎಲ್ಲೂ ಹೋಗ್ಲಿಲ್ಲ. ಜಗಲಿಲಿ ಅದೆ, ಸ್ವಿಚ್ಚಿನ ಹತ್ರ."

"ಯಂತಕೆ?"

"ನಾ ನಿನ್ನ ಮೀಸೂವಾಗ ಹೊರಗೆ ಯಾರಾದ್ರೂ ನೋಡ್ಕಳಬೇಕಲ್ದಾ?"

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ಬೆನ್ನು ತಿರುಗಿಸಿ ಕೂತು, ಜಡೆ ಬಿಚ್ಚಿ, ತಲೆಯನ್ನು ನನ್ನ ಕೈಗೆ ಕೊಟ್ಟಳು.

"ಹೀರಕ್ಕಾ, ಇದ್ಯಲ್ಲಾ?" ಎಂದು ಬಾಗಿಲಾಚೆಗೆ ಕೂಗಿದೆ.

ಎಲ್ಲರೂ ಹೊರಗೆ ಹೋಗಿದ್ದರು, ಗಾಳಿಯ ಸುಳಿವಿರಲಿಲ್ಲ. ಜಗಲಿಯಲ್ಲಿ ಬೆಳ್ಳಿ ಬಿಲ್ಲೆ ಗೋಡೆಗೆ ಒಂದು ಸಲ ತಗುಲಿದ ಸದ್ದು ಕೇಳಿತು. ನಾನು ಸ್ವಾತಿಯ ತಲೆಗೆ ನೀರು ಬಿಟ್ಟೆ.